ದೂರು ಕೇಳುವ ಮೊದಲೇ ತೀರ್ಪು ಯಾಕೆ?

ಮಾನ್ಯ ಸಂಪಾದಕರೇ,

ಆನ್‌ಲೈನ್‌ನಲ್ಲಿ ಮಗುವಿಗೆ ಮರದ ಆಟಿಕೆ ತರಿಸಿ ಮೋಸಹೋದೆ ಎಂದು ಓದುಗರೊಬ್ಬರು ನಿಮ್ಮ ಪತ್ರಿಕೆಗೆ ಬರೆದಿದ್ದನ್ನು ಓದಿದೆ. ಅವರ ಸಿಟ್ಟು ತಪ್ಪಲ್ಲ. ದುಡ್ಡು ಕೊಟ್ಟವರು ಕೇಳಲೇಬೇಕು. ಆದರೆ ‘ಈ ಮಾರುವವರು ಕೈಗೇ ಸಿಗುವುದಿಲ್ಲ, ದೂರು ಕೊಟ್ಟರೆ ಉತ್ತರ ಇಲ್ಲ’ ಅಂತಲೂ ಬರೆದಿದ್ದಾರೆ. ಆ ಮಾತಿಗೆ ಮಾರುವವರ ಕಡೆಯಿಂದ ಯಾರಾದರೂ ಉತ್ತರ ಕೊಡಬೇಕಲ್ವಾ? ಅದಕ್ಕೆ ಈ ಪತ್ರ.

ನಮ್ಮದು ಚನ್ನಪಟ್ಟಣ. ಮಾವ ಲೇತ್ ಮೇಲೆ ಗೊಂಬೆ ಕಡೆಯುವವರು, ಯಜಮಾನರದ್ದೂ ಅದೇ ಕೆಲಸ. ಫೋಟೊ, ಪ್ಯಾಕಿಂಗ್, ಕೊರಿಯರ್, ಫೋನು, ಬೈಗುಳ ಎಲ್ಲ ನನ್ನ ಪಾಲು. ಮೊದಲು ನಾವು ಆನ್‌ಲೈನ್ ಕಡೆ ತಲೆ ಹಾಕಿದವರಲ್ಲ. ಬೆಂಗಳೂರು–ಮೈಸೂರು ಹಳೇ ರಸ್ತೆಯ ಅಂಗಡಿಗಳಿಗೆ ಮಾಲು ಹಾಕುತ್ತಿದ್ದೆವು. 2023ರ ಮಾರ್ಚ್‌ನಲ್ಲಿ ಎಕ್ಸ್‌ಪ್ರೆಸ್‌ವೇ ಉದ್ಘಾಟನೆ ಆಯಿತು. ಕಾರುಗಳೆಲ್ಲ ಬೈಪಾಸ್ ಹಿಡಿದು ಊರನ್ನು ದಾಟಿ ಹೋಗತೊಡಗಿದವು. ಅಂಗಡಿಯವರು ಆರ್ಡರ್ ಕಡಿಮೆ ಮಾಡಿದರು. ಆಗ ನಾನು ಮೊಬೈಲ್ ಹಿಡಿದು ಕೂತೆ.

ಅಂಗಡಿಯಲ್ಲಿ ಗಿರಾಕಿ ಗೊಂಬೆಯನ್ನು ಎತ್ತಿ ನೋಡುತ್ತಾರೆ, ಅಲ್ಲಾಡಿಸುತ್ತಾರೆ, ಮೂಸುತ್ತಾರೆ. ಇದು ಬೇಡ, ಆ ಹಸಿರು ಕೊಡಿ ಅನ್ನುತ್ತಾರೆ. ಚೌಕಾಸಿ ಅಂತೂ ಇದ್ದೇ ಇದೆ. ಅರ್ಧ ದೂರು ಅಲ್ಲೇ, ದುಡ್ಡು ಕೊಡುವ ಮೊದಲೇ ಮುಗಿದಿರುತ್ತದೆ. ಆನ್‌ಲೈನ್‌ನಲ್ಲಿ ಇದೆಲ್ಲ ಪಾರ್ಸೆಲ್ ಬಿಚ್ಚಿದ ಮೇಲೆ ಶುರು. ಅಷ್ಟು ಹೊತ್ತಿಗೆ ದುಡ್ಡು ಹೋಗಿದೆ, ಮಗು ಕಾಯುತ್ತಿದೆ, ಮಾರಿದವರ ಮುಖ ಎದುರಿಗಿಲ್ಲ. ಸಿಟ್ಟು ಬರದೆ ಇರುತ್ತದಾ?

ಒಂದು ಉದಾಹರಣೆ ಹೇಳುತ್ತೇನೆ. ಶಿವಮೊಗ್ಗ ಕಡೆಯಿಂದ ಒಬ್ಬರು ಅಜ್ಜಿ ಫೋನ್ ಮಾಡಿದ್ದರು. ಮನೆಯಲ್ಲಿ ಮಗಳು ಬಾಣಂತಿ, ಮೊಮ್ಮಗನಿಗೆ ಅಂತ ನಮ್ಮ ಗಿಲಕಿ ತರಿಸಿದ್ದಾರೆ. ‘ಏನಮ್ಮಾ, ಅರಗಿನ ಬಣ್ಣ, ಮಗು ಬಾಯಿಗಿಟ್ಟರೂ ಭಯ ಇಲ್ಲ ಅಂತ ಬರೆದಿದ್ದೀರಿ. ಇಲ್ಲಿ ನೋಡಿದರೆ ಬಣ್ಣವೆಲ್ಲ ಎದ್ದು ಬಂದು ಅಂಟಂಟಾಗಿದೆ. ಇದನ್ನ ಮಗು ಕೈಗೆ ಕೊಡೋದಾ?’ ಧ್ವನಿ ಏರಿತ್ತು. ಇಂಥ ಹೊತ್ತಲ್ಲಿ ನಮ್ಮ ಗೊಂಬೆ ಹಾಗೆ, ಹೀಗೆ ಅಂತ ಶುರು ಮಾಡಿದರೆ ಕೆಲಸ ಕೆಟ್ಟಿತು. ‘ಅಮ್ಮಾ, ಮೊದಲು ಹೇಳಿ, ಮಗು ಹುಷಾರಾಗಿದೆಯಾ?’ ಅಂದೆ. ಹುಷಾರಾಗಿತ್ತು. ‘ಹಾಗಾದರೆ ಅದನ್ನ ಎತ್ತಿಟ್ಟುಬಿಡಿ. ದುಡ್ಡಿನ ಯೋಚನೆ ಬೇಡ. ಒಂದು ಫೋಟೊ ಕಳಿಸಿ’ ಅಂದೆ.

ಫೋಟೊ ಬಂತು. ಕೆಂಪು ಪಟ್ಟಿ ಹಳದಿಯ ಮೇಲೆ ಹರಿದಿತ್ತು. ಹೊಳಪಿದ್ದ ಜಾಗವೆಲ್ಲ ಬೆಳ್ಳಗೆ ಮಬ್ಬಾಗಿತ್ತು. ನೋಡಿದ ತಕ್ಷಣ ಗೊತ್ತಾಯಿತು. ‘ಬಿಸಿನೀರಿಗೆ ಹಾಕಿದ್ರಾ ಅಮ್ಮಾ?’ ಅಂದೆ. ಆ ಕಡೆ ಸ್ವಲ್ಪ ಹೊತ್ತು ಮಾತಿಲ್ಲ. ಆಮೇಲೆ, ‘ಹಾಲಿನ ಬಾಟಲಿ ಜೊತೆ ಕುದಿಸಿದ್ವಿ’ ಅಂದರು.

ಬಾಣಂತಿ ಮನೆಯಲ್ಲಿ ಎಲ್ಲವನ್ನೂ ಕುದಿಸುತ್ತಾರೆ, ಅದು ತಪ್ಪಾ? ಆದರೆ ನಮ್ಮ ಬಣ್ಣ ಗೊಂಬೆಗೆ ಹಿಡಿಯುವುದೇ ಬಿಸಿಯಿಂದ. ಲೇತ್ ಮೇಲೆ ಆಲೆ ಮರದ ತುಂಡು ತಿರುಗುತ್ತಿರುವಾಗ ಬಣ್ಣದ ಅರಗಿನ ಕಡ್ಡಿಯನ್ನು ಒತ್ತಿ ಹಿಡಿಯುತ್ತಾರೆ. ಉಜ್ಜಿದ ಕಾವಿಗೆ ಅರಗು ಕರಗಿ ಮರಕ್ಕೆ ಅಂಟುತ್ತದೆ. ಆಮೇಲೆ ತಾಳೆಗರಿ ಹಿಡಿದು ಹೊಳಪು ಕೊಡುತ್ತಾರೆ. ಕಾವಿಗೆ ಕೂತ ಅರಗು ಕುದಿಯುವ ನೀರಿಗೆ ಬಿದ್ದರೆ ಮತ್ತೆ ಎದ್ದೇಳುತ್ತದೆ. ಇದನ್ನು ಅಜ್ಜಿಗೆ ಹೇಳಿದೆ, ಇನ್ನೊಂದು ಗಿಲಕಿ ಕಳಿಸಿದೆ. ನೀರಿಗೆ ಹಾಕಬೇಡಿ ಅಂತ ನಾವು ಮಾರುವ ಆ್ಯಪ್‌ನಲ್ಲಿ ಬರೆದೇ ಇತ್ತು. ಆದರೆ ಅದು ‘ಇನ್ನಷ್ಟು ಓದಿ’ ಅನ್ನುವುದರ ಕೆಳಗೆ ಅಡಗಿ ಕೂತಿರುತ್ತದೆ. ಅಲ್ಲಿವರೆಗೂ ಯಾರು ಹೋಗುತ್ತಾರೆ? ಈಗ ಗಿಲಕಿಯ ಹಿಡಿಗೇ ಒಂದು ಚೀಟಿ ಕಟ್ಟುತ್ತೇನೆ: ‘ಕುದಿಸಬೇಡಿ. ಒದ್ದೆ ಬಟ್ಟೆಯಲ್ಲಿ ಒರೆಸಿ ಸಾಕು.’ ಆ ದೂರು ಹೆಚ್ಚುಕಡಿಮೆ ನಿಂತೇ ಹೋಗಿದೆ.

ಆ ಅಜ್ಜಿಗೆ ನಮ್ಮ ನಂಬರ್ ಸಿಕ್ಕಿದ್ದು ಡಬ್ಬಿಯ ಮೇಲಿನ ಲೇಬಲ್‌ನಲ್ಲಿ. ಪ್ಯಾಕ್ ಮಾಡಿ ಮಾರುವ ವಸ್ತುವಿನ ಮೇಲೆ ದೂರು ಕೊಡಲು ಹೆಸರು, ವಿಳಾಸ, ಫೋನ್ ನಂಬರ್ ಇರಬೇಕು ಎಂದು ತೂಕ–ಅಳತೆ ನಿಯಮವೇ ಹೇಳುತ್ತದೆ. ಅದರಿಂದ ಬಚಾವು. ಏಕೆಂದರೆ ನಂಬರ್ ಇರುವ ಚೀಟಿಯನ್ನು ಬೇರೆಯಾಗಿ ಒಳಗೆ ಹಾಕಿದರೆ ಕೆಲವು ಆ್ಯಪ್‌ನವರಿಗೆ ಆಗುವುದಿಲ್ಲ. ಗಿರಾಕಿ ಮುಂದಿನ ಸಲ ನೇರವಾಗಿ ನಮ್ಮ ಹತ್ತಿರವೇ ಕೊಂಡುಬಿಟ್ಟರೆ ಅಂತ ಅವರ ಹೆದರಿಕೆ.

ಅಜ್ಜಿ ಫೋನ್ ಮಾಡದೆ ಆ್ಯಪ್‌ನಲ್ಲೇ ದೂರು ಕೊಟ್ಟಿದ್ದರೆ ಏನಾಗುತ್ತಿತ್ತು ಅನ್ನುವುದೇ ನನ್ನ ಮುಖ್ಯ ಮಾತು. ಅಲ್ಲಿ ದೂರು ಅಂದರೆ ಮೂರ್ನಾಲ್ಕು ಗುಂಡಿಗಳು. ‘ಹಾಳಾಗಿದೆ’, ‘ಬೇರೆ ವಸ್ತು ಬಂದಿದೆ’, ‘ಫೋಟೊದಲ್ಲಿ ಇದ್ದಂತಿಲ್ಲ’, ‘ಇಷ್ಟವಾಗಲಿಲ್ಲ’. ಒಂದನ್ನು ಒತ್ತಿದರೆ ರಿಟರ್ನ್ ಮಂಜೂರು. ನನಗೆ ಸುದ್ದಿ ಮುಟ್ಟುವ ಹೊತ್ತಿಗೆ ಎಲ್ಲ ಮುಗಿದಿರುತ್ತದೆ. ಬಣ್ಣ ಯಾಕೆ ಕಿತ್ತು ಬಂತು ಎಂದು ಅಜ್ಜಿಗೂ ಗೊತ್ತಾಗುವುದಿಲ್ಲ, ನನಗೂ ಗೊತ್ತಾಗುವುದಿಲ್ಲ. ಅವರು ಇನ್ನೊಂದು ತರಿಸುತ್ತಾರೆ, ಅದನ್ನೂ ಕುದಿಸುತ್ತಾರೆ. ನಮ್ಮ ಖಾತೆಯಲ್ಲಿ ಎರಡು ‘ಹಾಳಾದ ಮಾಲು’.

‘ಇಷ್ಟವಾಗಲಿಲ್ಲ’ ಅಂದರೆ ಕೆಲವು ಕಡೆ ವಾಪಸ್ ತಗೊಳ್ಳುವುದಿಲ್ಲ, ಇಲ್ಲವೇ ಗಿರಾಕಿಯಿಂದ ಕೊರಿಯರ್ ದುಡ್ಡು ಹಿಡಿಯುತ್ತಾರೆ. ಹಾಗಾಗಿ ಸುಮ್ನೆ ಮನಸ್ಸು ಬದಲಾಯಿಸಿದವರೂ ‘ಹಾಳಾಗಿದೆ’ ಅಂತಲೇ ಒತ್ತುತ್ತಾರೆ. ಅವರನ್ನು ಸುಳ್ಳುಗಾರರು ಅನ್ನಲಾರೆ. ಗುಂಡಿಗಳನ್ನು ಇಟ್ಟಿರುವುದೇ ಹಾಗೆ. ಆದರೆ ಹೋಗುವ ಕೊರಿಯರ್, ಬರುವ ಕೊರಿಯರ್ ಎರಡೂ ನಮ್ಮ ತಲೆಗೆ. ಸಣ್ಣ ಬುಗುರಿ ಸೆಟ್ ಒಂದು ವಾಪಸ್ ಬಂದರೆ ಅದರ ಬೆಲೆಯೇ ಕೊರಿಯರ್‌ಗೆ ಹೋಗಿರುತ್ತದೆ.

ಇನ್ನೂ ಕೆಟ್ಟದ್ದಿದೆ. ಎಳೆಯುವ ಕುದುರೆಗಾಡಿ ವಾಪಸ್ ಬಂತು ಅಂತ ಡಬ್ಬಿ ಒಡೆದರೆ ಒಳಗೆ ಗಾಲಿ ಮುರಿದ ಪ್ಲಾಸ್ಟಿಕ್ ಕಾರು! ಡಬ್ಬಿ ಒಡೆಯುವಾಗ ವಿಡಿಯೊ ಮಾಡಿದ್ದೆ, ಕ್ಲೇಮ್ ಹಾಕಿದೆ. ಲೇಬಲ್ ಸ್ಪಷ್ಟವಾಗಿ ಕಾಣುತ್ತಿಲ್ಲ ಅಂತ ತಳ್ಳಿಹಾಕಿದರು. ಗಿರಾಕಿ ಬದಲಾಯಿಸಿದರೋ, ದಾರಿಯಲ್ಲಿ ಅದಲುಬದಲಾಯಿತೋ ದೇವರಿಗೇ ಗೊತ್ತು. ಮಾವ ಆ ಕಾರನ್ನು ಎಸೆಯಲೂ ಬಿಡಲಿಲ್ಲ. ಅದಕ್ಕೆ ಮರದ ಗಾಲಿ ಹಾಕಿ ಪಕ್ಕದ ಮನೆ ಹುಡುಗನಿಗೆ ಕೊಟ್ಟರು.

ಕಾನೂನು ಏನು ಹೇಳುತ್ತದೆ? ಗ್ರಾಹಕರ ರಕ್ಷಣಾ (ಇ-ಕಾಮರ್ಸ್) ನಿಯಮಗಳು 2020ರಲ್ಲಿ ಬಂದವು. ದೋಷ ಇದ್ದರೆ, ಹೇಳಿದ ಗುಣ ಮಾಲಿನಲ್ಲಿ ಇಲ್ಲದಿದ್ದರೆ, ಹೇಳಿದ ದಿನಕ್ಕಿಂತ ತಡವಾಗಿ ಬಂದರೆ ಮಾರಿದವರು ವಾಪಸ್ ತಗೊಳ್ಳುವುದಿಲ್ಲ ಅನ್ನುವ ಹಾಗಿಲ್ಲ. ಸರಿಯಾದ ನಿಯಮ, ನಮ್ಮ ತಕರಾರಿಲ್ಲ. ಆ್ಯಪ್‌ನವರಷ್ಟೇ ಅಲ್ಲ, ಅದರಲ್ಲಿ ಮಾರುವವರೂ ಒಬ್ಬ ದೂರು ಅಧಿಕಾರಿಯನ್ನು ಇಡಬೇಕು. ಅವರು 48 ಗಂಟೆಯೊಳಗೆ ದೂರು ಮುಟ್ಟಿದೆ ಎಂದು ತಿಳಿಸಬೇಕು, ಒಂದು ತಿಂಗಳೊಳಗೆ ಬಗೆಹರಿಸಬೇಕು. ನಮ್ಮ ಮನೆಯಲ್ಲಿ ಆ ಅಧಿಕಾರಿ ನಾನೇ. ಆಫೀಸು ಅಡುಗೆಮನೆ ಪಕ್ಕದ ಪ್ಯಾಕಿಂಗ್ ಕೋಣೆ. ಆದರೆ 48 ಗಂಟೆ ಕೊಟ್ಟು ಕೇಳಿಸಿಕೊಳ್ಳಿ ಎಂದು ನಿಯಮ ಹೇಳುತ್ತದೆ, ನನಗೆ ಕೇಳಿಸುವ ಮೊದಲೇ ಆ್ಯಪ್ ತೀರ್ಪು ಕೊಟ್ಟಿರುತ್ತದೆ. ಮಾರುವವರು ಉತ್ತರ ಕೊಡುವುದಿಲ್ಲ ಎಂದು ನಿಮ್ಮ ಓದುಗರಿಗೆ ಅನಿಸಿದ್ದರ ಹಿಂದೆ ಇದೂ ಇರಬಹುದು.

ಎಲ್ಲ ದೂರಿಗೂ ಮಾತುಕತೆ ಬೇಕು ಅಂತಲೂ ನಾನು ಹೇಳುವುದಿಲ್ಲ. ಗಾಲಿಯ ಗೂಟ ಸಡಿಲ, ಮಣಿ ಕಿತ್ತು ಬಂತು, ಚೂಪು ತಗುಲಿತು ಅಂದರೆ ಅಲ್ಲಿ ವಾದವೇ ಇಲ್ಲ. ಮೊದಲು ಮಗುವಿನ ಕೈಯಿಂದ ತೆಗೆಯಿರಿ ಅನ್ನುತ್ತೇನೆ, ದುಡ್ಡು ವಾಪಸ್, ಅದೇ ಸರಕಿನಲ್ಲಿ ಉಳಿದ ಪೀಸುಗಳನ್ನೂ ಯಜಮಾನರು ಒಂದೊಂದಾಗಿ ಎಳೆದು ನೋಡುತ್ತಾರೆ. ಸಣ್ಣ ಮಕ್ಕಳು ಏನು ಸಿಕ್ಕರೂ ಬಾಯಿಗೆ ಹಾಕುತ್ತವೆ. ಅಲ್ಲಿ ಗಿರಾಕಿ ಸರಿಯೋ ನಾವು ಸರಿಯೋ ಎಂದು ಕೂರುವುದಕ್ಕಾಗುವುದಿಲ್ಲ. ಹುಟ್ಟುಹಬ್ಬ ಮುಗಿದ ಮೇಲೆ ಗೊಂಬೆ ಬಂತು ಅಂದರೂ ಅಷ್ಟೇ. ತಡ ಮಾಡಿದ್ದು ಕೊರಿಯರ್‌ನವರು ಎಂದು ಹೇಳಿ ಏನು ಪ್ರಯೋಜನ? ಆ ದಿನ ಮಗುವಿನ ಮುಂದೆ ಬರಿಗೈಲಿ ನಿಂತವರು ಗಿರಾಕಿ.

ಉಳಿದ ದೂರುಗಳಲ್ಲಿ ಅಳತೆಯದ್ದೇ ಜಾಸ್ತಿ. ‘ಫೋಟೊದಲ್ಲಿ ದೊಡ್ಡದಾಗಿತ್ತು.’ ಮೊದಲ ಫೋಟೊ ಬಿಳಿ ಹಿನ್ನೆಲೆಯಲ್ಲಿ ಗೊಂಬೆ ಒಂದೇ ಇರಬೇಕು ಎನ್ನುವುದು ಆ್ಯಪ್‌ನವರ ಹಟ. ಪಕ್ಕದಲ್ಲಿ ಏನೂ ಇಲ್ಲದಿದ್ದರೆ ಅಡುಗೆ ಸೆಟ್ಟಿನ ಒರಳು ನಿಜವಾದ ಒರಳಿನಷ್ಟೇ ಕಾಣುತ್ತದೆ! ನಾನು ಎರಡನೇ ಫೋಟೊದಲ್ಲಿ ಪಕ್ಕಕ್ಕೆ ಕಾಫಿ ಲೋಟ ಇಡುತ್ತೇನೆ. ಇನ್ನು ಹಳದಿ ಬಣ್ಣ ಮಾಸಿತು ಎನ್ನುವವರು. ನಮ್ಮ ಹಳದಿ ಅರಿಶಿನದ್ದು. ಬಿಸಿಲು ಬೀಳುವ ಕಿಟಕಿಯಲ್ಲಿಟ್ಟರೆ ಮಾಸುತ್ತದೆ. ಅರಿಶಿನದ ಕಲೆ ಹತ್ತಿದ ಬಟ್ಟೆ ಒಗೆದು ಬಿಸಿಲಿಗೆ ಹಾಕಿದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ನನಗೆ ತಲೆನೋವು ತಂದಿದ್ದು ಐಎಸ್‌ಐ ಗುರುತಿನ ವಿಷಯ. ಬೆಂಗಳೂರಿನ ಒಬ್ಬರು ಒಂದು ಸ್ಟಾರ್ ಕೊಟ್ಟು ಬರೆದರು: ‘ಐಎಸ್‌ಐ ಮಾರ್ಕ್ ಇಲ್ಲ. ನಕಲಿ ಮಾಲು. ಕನ್ಸ್ಯೂಮರ್ ಕೋರ್ಟಿಗೆ ಹೋಗುತ್ತೇನೆ.’ ಅವರು ನೋಡಿದ್ದು ಒಳ್ಳೆಯದೇ. 2021ರ ಜನವರಿ 1ರಿಂದ 14 ವರ್ಷದೊಳಗಿನ ಮಕ್ಕಳ ಆಟಿಕೆಗೆ ಐಎಸ್‌ಐ ಗುರುತು ಕಡ್ಡಾಯ. ಆದರೆ ಕೇಂದ್ರದ ಕರಕುಶಲ ಅಭಿವೃದ್ಧಿ ಆಯುಕ್ತರಲ್ಲಿ ನೋಂದಾಯಿಸಿಕೊಂಡ ಕುಶಲಕರ್ಮಿಗಳು ತಾವೇ ಮಾಡಿ ಮಾರುವ ಆಟಿಕೆಗೆ ವಿನಾಯಿತಿ ಇದೆ. ಜಿಐ, ಅಂದರೆ ಊರಿನ ಹೆಸರಿನ ಮಾಲಿಗೆ ಸಿಗುವ ಭೌಗೋಳಿಕ ಗುರುತು, ಇರುವ ಆಟಿಕೆಯ ನೋಂದಾಯಿತ ಮಾಲೀಕರಿಗೂ ಅಧಿಕೃತ ಬಳಕೆದಾರರಿಗೂ ಇದೆ. ಮಾವನ ಹತ್ತಿರ ಆ ಆಯುಕ್ತರ ಕಚೇರಿಯ ಆರ್ಟಿಸಾನ್ (ಕುಶಲಕರ್ಮಿ) ಕಾರ್ಡ್ ಇದೆ. ಹಾಗಂತ ಚನ್ನಪಟ್ಟಣ ಅಂದ ಕೂಡಲೇ ಎಲ್ಲರಿಗೂ ವಿನಾಯಿತಿ ಸಿಗುವುದಿಲ್ಲ, ಅದನ್ನೂ ಓದುಗರು ತಿಳಿದಿರಲಿ. ಕಾರ್ಡಿನ ಫೋಟೊ ಸಮೇತ ಉತ್ತರ ಕೊಡೋಣ ಅಂದರೆ ರಿವ್ಯೂ ಕೆಳಗೆ ಫೋಟೊ ಹಾಕಲು ಬಿಡುವುದಿಲ್ಲ. ಎರಡು ಸಾಲು ಬರೆದೆ, ವಾದ ಮಾಡಲಿಲ್ಲ. ಇಂಥ ಉತ್ತರವನ್ನು ಬೈದವರು ತಿರುಗಿ ನೋಡುವುದಿಲ್ಲ. ನಾಳೆ ಕೊಳ್ಳಲು ಬರುವವರು ಓದುತ್ತಾರೆ. ಬೈದ ಆ ಗಿರಾಕಿ ಕೋರ್ಟಿಗೆ ಹೋಗಲಿಲ್ಲ. ಒಂದು ಸ್ಟಾರ್ ಮಾತ್ರ ಹಾಗೇ ಇದೆ.

ಅವರ ಅನುಮಾನಕ್ಕೆ ಕಾರಣ ಇಲ್ಲ ಅನ್ನುವಂತಿಲ್ಲ. ಆ್ಯಪ್‌ನಲ್ಲಿ ‘ಚನ್ನಪಟ್ಟಣ ಗೊಂಬೆ’ ಅಂತ ಹುಡುಕಿ ನೋಡಿ. ಎಲ್ಲಿಯದೋ ಕಾರ್ಖಾನೆಯ ಪೇಂಟ್ ಬಳಿದ ಆಟಿಕೆಯೂ ಅದೇ ಹೆಸರಿನಲ್ಲಿ ಬರುತ್ತದೆ, ನಮ್ಮದಕ್ಕಿಂತ ಅಗ್ಗಕ್ಕೆ. ನಮ್ಮೂರ ಗೊಂಬೆಗೆ ಜಿಐ ಸಿಕ್ಕಿದ್ದು 2005–06ರಲ್ಲಿ. ಇಷ್ಟು ವರ್ಷ ಆದ ಮೇಲೂ ಯಾರು ಬೇಕಾದರೂ ಆ ಹೆಸರು ಹಾಕಿಕೊಂಡು ಮಾರಬಹುದು ಅನ್ನುವ ಹಾಗಿದೆ. ಅಂಥದ್ದನ್ನು ಕೊಂಡು ಬಣ್ಣ ಸುಲಿದರೆ ‘ಚನ್ನಪಟ್ಟಣದ್ದು ಇಷ್ಟೇ’ ಎಂಬ ಮಾತು ನಮಗೆ ಬರುತ್ತದೆ. ನಿಮ್ಮ ಓದುಗರು ಕೊಂಡಿದ್ದು ಯಾರ ಮಾಲೋ ನನಗೆ ತಿಳಿಯದು. ಮಾರಿದವರ ಹೆಸರು, ವಿಳಾಸ ಆ ಪುಟದಲ್ಲಿ ಇರಲೇಬೇಕು. ಕೊಳ್ಳುವ ಮೊದಲು ಅದನ್ನೊಮ್ಮೆ ನೋಡಿ. ಉತ್ತರ ಸಿಗದಿದ್ದರೆ 1915ಕ್ಕೆ ಫೋನ್ ಮಾಡಿ, ಅದು ರಾಷ್ಟ್ರೀಯ ಗ್ರಾಹಕ ಸಹಾಯವಾಣಿ. ಮಾರುವವಳೇ ಹೀಗೆ ಹೇಳುತ್ತಾಳಲ್ಲ ಅಂತ ಯಜಮಾನರು ನಕ್ಕರು. ನಕಲಿಯವರ ಮೇಲೆ ದೂರು ಹೋಗಬೇಕಲ್ವಾ, ಇನ್ನು ಹೇಗೆ ಹೋಗಬೇಕು?

ಆ್ಯಪ್‌ನವರು ಮಾಡಬೇಕಾದ್ದು ದೊಡ್ಡದೇನಲ್ಲ. ಕೈಯಿಂದ ಮಾಡಿದ ವಸ್ತುವಿಗೆ ದೂರು ಬಂದರೆ, ಮಗುವಿಗೆ ಅಪಾಯ ಇಲ್ಲದ ಪಕ್ಷದಲ್ಲಿ, ಅದು ಫೋಟೊ ಸಮೇತ ಮೊದಲು ನಮಗೆ ಬರಲಿ. ಒಂದು ದಿನ ಸಮಯ ಕೊಡಿ. ಅಷ್ಟರೊಳಗೆ ನಾವು ಗಿರಾಕಿಗೆ ಉತ್ತರ ಕೊಡದಿದ್ದರೆ ಧಾರಾಳವಾಗಿ ದುಡ್ಡು ವಾಪಸ್ ಮಾಡಿ, ಕೇಳುವುದಿಲ್ಲ. ವಾಪಸ್ ಬರುವ ಡಬ್ಬಿಯನ್ನು ಕೊರಿಯರ್ ಹುಡುಗ ಗಿರಾಕಿಯ ಬಾಗಿಲಲ್ಲೇ ತೆಗೆದು, ಒಳಗಿನ ಫೋಟೊ ಹೊಡೆದು ಸೀಲ್ ಮಾಡಲಿ. ಚನ್ನಪಟ್ಟಣದ ಹೆಸರು ಹಾಕುವವರಿಂದ ಜಿಐ ನೋಂದಣಿ ಇಲ್ಲವೇ ಆರ್ಟಿಸಾನ್ ಕಾರ್ಡ್ ಕೇಳಿ ಪಡೆದು, ಬೆಲೆಯ ಪಕ್ಕದಲ್ಲೇ ಕಾಣುವಂತೆ ತೋರಿಸಲಿ. ‘ಇನ್ನಷ್ಟು ಓದಿ’ ಕೆಳಗೆ ಬೇಡ. ಗ್ರಾಹಕ ವ್ಯವಹಾರ ಇಲಾಖೆಯವರು ನಿಮ್ಮ ಪತ್ರಿಕೆ ಓದುತ್ತಾರೆ ಎಂದುಕೊಂಡಿದ್ದೇನೆ. ದಸರಾ ಸೇಲ್‌ಗೆ ಮೊದಲೇ ಏನಾದರೂ ಆದರೆ ಅನುಕೂಲ. ನಮಗೆ ಆರ್ಡರೂ ಆಗಲೇ ಜಾಸ್ತಿ, ದೂರೂ ಆಗಲೇ ಜಾಸ್ತಿ.

ಇತಿ,
ಗೊಂಬೆ ಮಾಡುವ ಮನೆಯ ಸೊಸೆ, ಚನ್ನಪಟ್ಟಣ