ಅಪ್ಪನಿಗೆ, ಒಂದು ಹಳೆಯ ಕೇಸಿನ ವಿಚಾರ

ಪ್ಯಾರಿಸ್, ಭಾನುವಾರ

ತೀರ್ಥರೂಪು ಅಪ್ಪನವರಿಗೆ ನಿಮ್ಮ ಮಗಳು ಮಾಡುವ ನಮಸ್ಕಾರಗಳು.

ನಾನಿಲ್ಲಿ ಕ್ಷೇಮ. ಅಮ್ಮ ಕಳಿಸಿದ ಹುಳಿಪುಡಿ ತಲುಪಿತು. ಪೊಟ್ಟಣ ಒಡೆದಿಲ್ಲ ಅಂತ ಹೇಳಿ, ಅಮ್ಮನಿಗೆ ಅದೇ ಚಿಂತೆ.

ನಾನು ಕಳಿಸಿದ ಫೋಟೊದಲ್ಲಿ ಚಿನ್ನದ ಬಣ್ಣದ ಕುದುರೆ ಏರಿದ ಹುಡುಗಿ ಯಾರು ಅಂತ ಕೇಳಿದ್ದಿರಿ. ಅವಳೇ ಜೋನ್ ಆಫ್ ಆರ್ಕ್. ಆ ಪ್ರತಿಮೆ 1874ರಿಂದ ಅಲ್ಲಿದೆ. ಹಳ್ಳಿಯ ಹುಡುಗಿ, ದೇವರ ದನಿ ಕೇಳಿಸುತ್ತದೆ ಅಂತ ಹೊರಟು ಇಂಗ್ಲಿಷರ ವಿರುದ್ಧ ಸೈನ್ಯದ ಮುಂದೆ ನಿಂತಳು. ಇಂಗ್ಲಿಷರ ಕಡೆಗಿದ್ದ ಚರ್ಚಿನ ನ್ಯಾಯಾಲಯ ಅವಳನ್ನು ಧರ್ಮದ್ರೋಹಿ ಅಂದಿತು, 1431ರ ಮೇ 30ರಂದು ರೂಆನ್ ಊರಿನಲ್ಲಿ ಅವಳನ್ನು ಜೀವಂತ ಸುಟ್ಟರು. ಇಷ್ಟು ಎಲ್ಲರಿಗೂ ಗೊತ್ತು. ನಾನು ಹೇಳಬೇಕೆಂದಿರುವುದು ಅವಳ ಕೇಸಿನ ಕಾಗದಗಳನ್ನು ಹುಡುಕಿ ಅಚ್ಚು ಹಾಕಿಸಿದ ಮನುಷ್ಯನ ವಿಷಯ. ಹೆಸರು ಜೂಲ್ ಕಿಶೆರಾ. ಜೀವಮಾನವೆಲ್ಲ ಕೋರ್ಟಿನ ಫೈಲುಗಳ ಮಧ್ಯೆ ಕಳೆದ ನಿಮಗೆ ಹೇಳದೆ ಇನ್ಯಾರಿಗೆ ಹೇಳಲಿ?

ಕಿಶೆರಾ ಹುಟ್ಟಿದ್ದು 1814ರಲ್ಲಿ, ಇದೇ ಪ್ಯಾರಿಸ್‌ನಲ್ಲಿ. ತಂದೆ ಮರಗೆಲಸದವರು, ಬರ್ಗಂಡಿಯ ಕಡೆಯಿಂದ ಹೊಟ್ಟೆಪಾಡಿಗೆ ಬಂದವರು. ಮನೆಯಲ್ಲಿ ಬಡತನ. ಅಣ್ಣ ಲೂಯಿ ದೊಡ್ಡ ಲ್ಯಾಟಿನ್ ಪಂಡಿತರಾದರು, ನಿಘಂಟು ಬರೆದರು. ತಮ್ಮನಿಗೆ ಮೊದಲು ಚಿತ್ರ ಬರೆಯುವ ಹುಚ್ಚು. ಮಿಶ್ಲೆ ಎಂಬ ಇತಿಹಾಸಕಾರರ ಪ್ರಭಾವದಿಂದ ಇತಿಹಾಸಕ್ಕೆ ತಿರುಗಿ, ಎಕೋಲ್ ದೆ ಶಾರ್ತ್ ಸೇರಿ 1837ರಲ್ಲಿ ಓದು ಮುಗಿಸಿದರು. ಹಳೆಯ ಲಿಪಿ ಓದುವುದು, ದಾಖಲೆ ಅಸಲೋ ನಕಲಿಯೋ ಎಂದು ಗುರುತಿಸುವುದು, ಇದನ್ನೇ ಕಲಿಸಲು 1821ರಲ್ಲಿ ತೆರೆದ ಶಾಲೆ ಅದು. ಈಗ ರಾಷ್ಟ್ರೀಯ ಗ್ರಂಥಾಲಯದ ಹಳೆಯ ಕಟ್ಟಡದ ಎದುರಿಗಿದೆ. ರಜೆಯ ದಿನ ನಾನು ಆ ಗ್ರಂಥಾಲಯದ ಅಂಡಾಕಾರದ ದೊಡ್ಡ ಹಾಲ್‌ನಲ್ಲಿ ಕೂರುತ್ತೇನೆ. ಕಾರ್ಡು ಬೇಡ, ದುಡ್ಡು ಬೇಡ, ಯಾರು ಬೇಕಾದರೂ ಹೋಗಬಹುದು.

ಈಗ ಕೇಸಿಗೆ ಬರುತ್ತೇನೆ. ಜೋನ್ ಮಾತಾಡಿದ್ದು ಫ್ರೆಂಚಿನಲ್ಲಿ, ಗುಮಾಸ್ತರು ಬರೆದುಕೊಂಡಿದ್ದೂ ಫ್ರೆಂಚಿನಲ್ಲಿ. ಆಮೇಲೆ ಅದನ್ನು ಲ್ಯಾಟಿನ್‌ಗೆ ತಿರುಗಿಸಿ, ಸಹಿ ಮೊಹರು ಹಾಕಿ ಐದು ಪ್ರತಿ ಮಾಡಿದರು. ಸಾಕ್ಷಿ ಕನ್ನಡದಲ್ಲಿ ಹೇಳುವುದು, ಸಾಹೇಬರು ಇಂಗ್ಲಿಷಿನಲ್ಲಿ ಬರೆಸುವುದು ಅಂತ ನೀವು ಹೇಳುತ್ತಿದ್ದಿರಲ್ಲ, ಹೆಚ್ಚುಕಡಿಮೆ ಹಾಗೇ. ಐದರಲ್ಲಿ ಮೂರು ಪ್ರತಿ ಇವತ್ತಿಗೂ ಪ್ಯಾರಿಸ್‌ನಲ್ಲೇ ಇವೆ. ಫ್ರೆಂಚಿನ ಮೂಲ ಬರಹವೂ ಪೂರ್ತಿ ಹೋಗಿಲ್ಲ, ಒಂದು ಹಳೆಯ ನಕಲಿನಲ್ಲಿ ಸ್ವಲ್ಪ ಭಾಗ ಉಳಿದಿದೆ.

ಮುಖ್ಯ ಗುಮಾಸ್ತನ ಹೆಸರು ಗಿಯೋಮ್ ಮಾಂಶೋನ್. ನಿಮಗೆ ಖಂಡಿತ ಇಷ್ಟವಾಗುವ ಮನುಷ್ಯ. ಅವಳನ್ನು ಸುಟ್ಟು ಸುಮಾರು ಇಪ್ಪತ್ತು ವರ್ಷದ ಮೇಲೆ ಮರುವಿಚಾರಣೆ ಶುರುವಾಯಿತು. ಮೊದಲು ಬರೆದುಕೊಂಡಿದ್ದ ಮಾಂಶೋನ್ ಆಗ ಸಾಕ್ಷಿ ಹೇಳಲು ನಿಲ್ಲಬೇಕಾಯಿತು. ಮೊದಲ ದಿನ ಗದ್ದಲವೋ ಗದ್ದಲ, ಅವಳ ಮಾತು ಮುಗಿಯಲು ಬಿಡುತ್ತಿರಲಿಲ್ಲ ಅಂದ. ಇಂಗ್ಲಿಷರ ಕಡೆಯವರು ತಮ್ಮದೇ ಬರಹಗಾರರನ್ನು ಕೂರಿಸಿಕೊಂಡು, ಅವಳಿಗೆ ಅನುಕೂಲವಾದ ಮಾತು ಬಿಟ್ಟು ಬರೆಸುತ್ತಿದ್ದರಂತೆ. ತನ್ನ ಬರಹಕ್ಕೂ ಅವರದಕ್ಕೂ ತಾಳೆಯಾಗದ ಕಡೆ ಮಾಂಶೋನ್ ಗುರುತು ಹಾಕಿಟ್ಟು, ಮತ್ತೆ ಅವಳನ್ನೇ ಕೇಳಬೇಕು ಅನ್ನುತ್ತಿದ್ದನಂತೆ. ಅವಳು ಸತ್ತ ಮೇಲೆ ಒಂದು ತಿಂಗಳು ಮನಸ್ಸು ಹಿಡಿತಕ್ಕೆ ಬರಲಿಲ್ಲವಂತೆ. ಕೇಸಿನ ಕೆಲಸಕ್ಕೆ ಸಿಕ್ಕ ದುಡ್ಡಿನಲ್ಲಿ ಒಂದು ಪೂಜಾ ಪುಸ್ತಕ ಕೊಂಡು ಅವಳಿಗಾಗಿ ಪ್ರಾರ್ಥಿಸುತ್ತಿದ್ದನಂತೆ. ಆದರೂ ಆ ದಿನಗಳಲ್ಲಿ ಬರೆಯುವ ಕೆಲಸ ಬಿಟ್ಟು ಏಳಲಿಲ್ಲ ನೋಡಿ. ಭಯವೂ ಇತ್ತು ಅಂತ ಅವನೇ ಒಪ್ಪಿಕೊಂಡಿದ್ದಾನೆ.

1456ರ ಜುಲೈ 7ರಂದು ಹಳೆಯ ತೀರ್ಪು ರದ್ದಾಯಿತು. ಅವಳಿಗೆ ಅದರಿಂದ ಏನು ಬಂತು, ಬಿಡಿ.

ಕಿಶೆರಾ ಈ ಎರಡೂ ವಿಚಾರಣೆಗಳ ಕಾಗದಗಳನ್ನು ಐದು ಸಂಪುಟಗಳಲ್ಲಿ ತಂದರು, 1841ರಿಂದ 1849ರವರೆಗೆ. ಮೊದಲ ಸಂಪುಟ ಬಂದಾಗ ಅವರಿಗಿನ್ನೂ ಮೂವತ್ತೂ ಆಗಿರಲಿಲ್ಲ. ಬರೀ ಕೋರ್ಟಿನ ದಾಖಲೆ ಮಾತ್ರವಲ್ಲ. ಆ ಕಾಲದವರು ಬರೆದಿಟ್ಟ ವೃತ್ತಾಂತ, ಪತ್ರ, ಖರ್ಚಿನ ಲೆಕ್ಕ, ಸಿಕ್ಕಿದ್ದನ್ನೆಲ್ಲ ಸೇರಿಸಿದರು. ಅಂಚಿನಲ್ಲಿ ಬರೆದ ಶರಾಗಳನ್ನೂ ಬಿಡಲಿಲ್ಲ. ಸಾಯುವ ಎರಡು ದಿನ ಮೊದಲು ಜೋನ್, ತನಗೆ ದನಿಗಳು ಮತ್ತೆ ಕೇಳಿಸಿದವು ಅಂತ ಹೇಳಿದ ಕಡೆ, ಪಕ್ಕದಲ್ಲಿ ಲ್ಯಾಟಿನ್‌ನಲ್ಲಿ "ಪ್ರಾಣಕ್ಕೆ ಕುತ್ತು ತರುವ ಉತ್ತರ" ಅಂತ ಬರೆದಿದೆ. ನನಗೆ ಅದನ್ನು ಓದಿ ಮೈ ಜುಮ್ಮೆಂದಿತು. ಇಷ್ಟು ಚಿಕ್ಕ ಶರಾದಲ್ಲಿ ತೀರ್ಪೆಲ್ಲ ಮುಗಿದುಹೋಗಿದೆ.

ಅದೇ 1841ರಲ್ಲಿ ಗುರು ಮಿಶ್ಲೆಯೂ ಜೋನ್ ಬಗ್ಗೆ ಬರೆದರು. ಅವರದು ಕಣ್ಣೀರು ತರಿಸುವ ಬರವಣಿಗೆ. ಶಿಷ್ಯನ ದಾರಿಯೇ ಬೇರೆ. ಕಿಶೆರಾ ಗಣರಾಜ್ಯವಾದಿ, ಚರ್ಚಿನವರನ್ನು ಕಂಡರೆ ಅಷ್ಟಕ್ಕಷ್ಟೆ. ಆದರೂ ಚರ್ಚಿನ ನ್ಯಾಯಾಲಯದ ದಾಖಲೆಯನ್ನು ತಮ್ಮ ಮೂಗಿನ ನೇರಕ್ಕೆ ತಿರುಚಲಿಲ್ಲ. ಹೇಳಬೇಕಾದ ಅಭಿಪ್ರಾಯವನ್ನು 1850ರಲ್ಲಿ ಬೇರೆಯೇ ಒಂದು ಚಿಕ್ಕ ಪುಸ್ತಕದಲ್ಲಿ ಹೇಳಿದರು. ಅದರಲ್ಲಿ, ಮೊದಲ ವಿಚಾರಣೆ ಆ ಕಾಲದ ಕಾನೂನಿನ ಕ್ರಮವನ್ನು ಬಹುಮಟ್ಟಿಗೆ ಪಾಲಿಸಿತ್ತು ಅಂದಿದ್ದು ಭಕ್ತರಿಗೆ ಹಿಡಿಸಲಿಲ್ಲ. ದನಿ ಕೇಳಿಸುತ್ತದೆ ಅಂತ ಅವಳು ಹೇಳಿದ್ದು ಪ್ರಾಮಾಣಿಕ ಮಾತು ಅಂದಿದ್ದು ನಾಸ್ತಿಕರಿಗೆ ಹಿಡಿಸಿರಲಾರದು. ಇಬ್ಬರೂ ಜಗಳಕ್ಕೆ ಪುರಾವೆ ಹುಡುಕಿದ್ದು ಮಾತ್ರ ಅವರ ಐದು ಸಂಪುಟಗಳಲ್ಲೇ. 1920ರಲ್ಲಿ ಚರ್ಚು ಅವಳನ್ನು ಸಂತಳೆಂದು ಸಾರಿತು.

ಪೂರ್ತಿ ಹೊಗಳಿಕೆಯೇ ಅಂದುಕೊಳ್ಳಬೇಡಿ. ಮರುವಿಚಾರಣೆಯಲ್ಲಿ ಪಂಡಿತರು ಕೊಟ್ಟ ಉದ್ದುದ್ದ ಅಭಿಪ್ರಾಯಪತ್ರಗಳಲ್ಲಿ ಹೆಚ್ಚಿನವನ್ನು ಕಿಶೆರಾ ಬಿಟ್ಟುಬಿಟ್ಟರು. ಅವು 1889ರಲ್ಲಿ ಬೇರೆಯವರ ಕೈಯಿಂದ ಅಚ್ಚಾಗಬೇಕಾಯಿತು. ಬೇಸರ ತರಿಸುತ್ತವೆ ನಿಜ, ಆದರೆ ಫೈಲಿನಿಂದ ಹಾಳೆ ತೆಗೆಯುವ ಹಕ್ಕು ಯಾರಿಗಿದೆ ಅಂತ ನೀವೇ ಕೇಳುತ್ತೀರಿ. ಇನ್ನೊಂದು ಹಟದ ಕಥೆಯಿದೆ. ಜೂಲಿಯಸ್ ಸೀಸರ್ ಗಾಲ್ ಜನರನ್ನು ಸೋಲಿಸಿದ ಅಲೇಸಿಯಾ ಎಲ್ಲಿತ್ತು ಎಂಬ ಜಗಳದಲ್ಲಿ ಇವರು ಫ್ರಾಂಶ್ ಕೋಂತೆಯ ಅಲೇಸ್ ಹಳ್ಳಿಯ ಪರ ನಿಂತರು. ಆಗಿನ ಫ್ರಾನ್ಸಿನ ಚಕ್ರವರ್ತಿ ಮೂರನೇ ನೆಪೋಲಿಯನ್ ಬರ್ಗಂಡಿಯ ಅಲೀಸ್‌ನಲ್ಲಿ ಅಗೆಸಿ ಕಂದಕಗಳನ್ನು ತೋರಿಸಿದರೂ ಇವರು ಜಗ್ಗಲಿಲ್ಲ. ಆಮೇಲಿನ ಉತ್ಖನನಗಳೂ ಚಕ್ರವರ್ತಿಯ ಕಡೆಗೇ ಬಂದವು. ಕಾಗದ ಓದುವಾಗಿನ ತಾಳ್ಮೆ ನೆಲ ಓದುವಾಗ ಎಲ್ಲಿ ಹೋಯಿತೋ! ಚಕ್ರವರ್ತಿಯ ಮೇಲಿನ ಸಿಟ್ಟೂ ಸ್ವಲ್ಪ ಸೇರಿತ್ತೇನೋ ಅಂತ ನನ್ನ ಗುಮಾನಿ.

ಕಿಶೆರಾ 1847ರಿಂದ ಅದೇ ಶಾಲೆಯಲ್ಲಿ ಪುರಾತತ್ವ ಕಲಿಸಿದರು. 1871ರಿಂದ 1882ರಲ್ಲಿ ತೀರಿಕೊಳ್ಳುವವರೆಗೆ ಅಲ್ಲಿನ ಮುಖ್ಯಸ್ಥರು. ಅವರ ಜಾಗಕ್ಕೆ ಬಂದ ಪೋಲ್ ಮೆಯರ್ 1898ರಲ್ಲಿ, ಸೇನೆಯ ಮೇಲೆ ಆರೋಪ ಮಾಡಿ ಬರೆದಿದ್ದ ಕಾದಂಬರಿಕಾರ ಜೋಲಾ ಅವರ ವಿಚಾರಣೆಯಲ್ಲಿ ಸಾಕ್ಷಿ ಹೇಳಿದರು. ಡ್ರೇಫಸ್ ಎಂಬ ಯಹೂದಿ ಸೇನಾಧಿಕಾರಿಯನ್ನು ಜೈಲಿಗೆ ಹಾಕಲು ಬಳಸಿದ ಪತ್ರದ ಅಕ್ಷರ ಡ್ರೇಫಸ್‌ನದಲ್ಲ, ಎಸ್ಟರ್‌ಹಾಜಿ ಎಂಬ ಇನ್ನೊಬ್ಬನದು ಅಂತ. ಹಳೆಯ ಶಾಸನಪತ್ರ ಓದುವವರು ಸೇನೆಯ ಎದುರು ನಿಂತಿದ್ದು ಸಣ್ಣ ವಿಷಯವಲ್ಲ, ಅಲ್ವಾ?

ಮೊದಲ ಸಂಪುಟದ ಕೆಲವು ಪುಟಗಳನ್ನು ಲ್ಯಾಟಿನ್ ಬಲ್ಲ ಗೆಳತಿಯ ಸಹಾಯದಿಂದ ಕನ್ನಡಕ್ಕೆ ಮಾಡುತ್ತಿದ್ದೇನೆ, ಮುಂದಿನ ವಾರ ಕಳಿಸುತ್ತೇನೆ. ಫೆಬ್ರವರಿ 24ರ ಪ್ರಶ್ನೆ ಮೊದಲು ನೋಡಿ. ನಿನ್ನ ಮೇಲೆ ದೇವರ ಕೃಪೆ ಇದೆಯೆಂದು ನಿನಗೆ ಗೊತ್ತೇ ಅಂತ ಕೇಳುತ್ತಾರೆ. ಹೌದು ಅಂದರೂ ಸಿಕ್ಕಿಬೀಳುತ್ತಾಳೆ, ಇಲ್ಲ ಅಂದರೂ ಸಿಕ್ಕಿಬೀಳುತ್ತಾಳೆ. ಇಲ್ಲದಿದ್ದರೆ ದೇವರು ಕೊಡಲಿ, ಇದ್ದರೆ ದೇವರೇ ಉಳಿಸಲಿ ಅಂದುಬಿಟ್ಟಳು, ಓದು ಬರಹ ಬಾರದ ಹುಡುಗಿ. ಇಂಥ ಪ್ರಶ್ನೆಗೆ ನಿಮ್ಮ ಕೋರ್ಟಿನಲ್ಲಿ ಯಾವ ವಕೀಲರಾದರೂ ಎದ್ದು ಆಕ್ಷೇಪಣೆ ಹೇಳುತ್ತಿದ್ದರಾ? ಅವಳ ಪರ ವಕೀಲರೇ ಇರಲಿಲ್ಲ. ನಿಮ್ಮ ಅಭಿಪ್ರಾಯವನ್ನು ಫೋನಿನಲ್ಲಿ ಬೇಡ, ಬರೆದೇ ಕಳಿಸಿ.

ಅಮ್ಮನಿಗೆ, ಅಜ್ಜಿಗೆ ನನ್ನ ನಮಸ್ಕಾರಗಳು.

ಇಂತಿ ನಿಮ್ಮ ಪ್ರೀತಿಯ ಮಗಳು