ಪಿಟಿ, ಎಪಿಟಿಟಿ ಸರಿಯಿದ್ದರೂ ಹೊಕ್ಕುಳ ರಕ್ತ ನಿಲ್ಲದಿದ್ದರೆ?

ಮಾನ್ಯರೆ,

ಹೊಕ್ಕುಳಬಳ್ಳಿ ಉದುರಿದ ಜಾಗದಲ್ಲಿ ದಿನಗಟ್ಟಲೆ ರಕ್ತ ಒಸರುವ ಕೂಸಿಗೆ ಸಾಮಾನ್ಯವಾಗಿ ಮಾಡಿಸುವುದು ಪ್ಲೇಟ್‌ಲೆಟ್ ಎಣಿಕೆ, ಪಿಟಿ, ಎಪಿಟಿಟಿ (ಕೊನೆಯೆರಡು ರಕ್ತ ಹೆಪ್ಪುಗಟ್ಟಲು ಹಿಡಿಯುವ ಸಮಯ ಅಳೆಯುವ ಪರೀಕ್ಷೆಗಳು). ಮೂರೂ ಸರಿ ಬಂದರೆ ‘ರಕ್ತದಲ್ಲಿ ದೋಷವಿಲ್ಲ’ ಎಂದು ಮನೆಗೆ ಕಳಿಸುವುದುಂಟು. ಹೆಣ್ಣುಕೂಸಾದರೆ ‘ಹಿಮೊಫಿಲಿಯಾ ಗಂಡುಮಕ್ಕಳಿಗೆ ತಾನೆ’ ಎಂಬ ಸಮಾಧಾನ ಬೇರೆ. ರಕ್ತದ ಹೆಪ್ಪನ್ನು ಗಟ್ಟಿ ಮಾಡುವ ಪ್ರೊಟೀನಾದ ಫ್ಯಾಕ್ಟರ್ 13ರ ಕೊರತೆ ಕಣ್ತಪ್ಪುವುದು ಇಲ್ಲೇ. ಇದು ಗಂಡು ಹೆಣ್ಣು ಇಬ್ಬರಿಗೂ ಬರುತ್ತದೆ.

ಪಿಟಿ, ಎಪಿಟಿಟಿಗಳ ಲೆಕ್ಕ ಹೆಪ್ಪಿನ ಬಲೆಯಾಗುವ ಫೈಬ್ರಿನ್ ಎಳೆ ಕಟ್ಟಿದ ಕ್ಷಣಕ್ಕೆ ಮುಗಿಯುತ್ತದೆ. ಆ ಎಳೆಗಳನ್ನು ಒಂದಕ್ಕೊಂದು ಹೊಲಿದು ಗಟ್ಟಿ ಮಾಡುವ ಫ್ಯಾಕ್ಟರ್ 13ರ ಕೆಲಸ ಆಮೇಲಿನದು. ಹೊಲಿಗೆ ಇಲ್ಲದ ಹೆಪ್ಪು ಬೇಗ ಬಿಚ್ಚಿಕೊಳ್ಳುತ್ತದೆ. ಮೊದಲು ನಿಂತ ರಕ್ತ ಮರುದಿನ ಮತ್ತೆ ಸುರಿಯುವುದು ಅದಕ್ಕೇ. 20 ಲಕ್ಷಕ್ಕೊಬ್ಬರಲ್ಲಿ ಎಂಬುದು ಪುಸ್ತಕದ ಮಾತು. ತಂದೆ ತಾಯಿ ಇಬ್ಬರಿಂದಲೂ ದೋಷದ ವಂಶವಾಹಿ ಬಂದಾಗ ಕಾಣಿಸುವ ಕಾಯಿಲೆಯಿದು, ಅಕ್ಕನ ಮಗಳನ್ನೇ ತಂದುಕೊಳ್ಳುವ ನಮ್ಮ ಸೀಮೆಯಲ್ಲಿ ಅದನ್ನು ನೆಚ್ಚಿ ಕೂರುವಂತಿಲ್ಲ.

ಮೊದಲ ಹಂತದ ಪರೀಕ್ಷೆಗೆ ದೊಡ್ಡ ಯಂತ್ರ ಬೇಡ. 0.2 ಮಿ.ಲೀ. ಪ್ಲಾಸ್ಮಾಕ್ಕೆ (ರಕ್ತಕಣ ಬೇರ್ಪಡಿಸಿದ ದ್ರವಕ್ಕೆ) ಅಷ್ಟೇ ಪ್ರಮಾಣದ 0.025 ಮೋಲಾರ್ ಕ್ಯಾಲ್ಸಿಯಂ ಕ್ಲೋರೈಡ್ ಸೇರಿಸಿ 37 ಡಿಗ್ರಿಯಲ್ಲಿ 30 ನಿಮಿಷ ಇಡಬೇಕು. ಕೊಳವೆಯನ್ನು ಮೆಲ್ಲಗೆ ತಟ್ಟಿ ಹೆಪ್ಪು ಬಿಡಿಸಿ, 5 ಮೋಲಾರ್ ಯೂರಿಯಾ ದ್ರಾವಣಕ್ಕೆ ಹಾಕಬೇಕು. 30 ಗ್ರಾಂ ಯೂರಿಯಾ ಕರಗಿಸಿ ಒಟ್ಟು 100 ಮಿ.ಲೀ.ಗೆ ತಂದರೆ ಆ ದ್ರಾವಣ ಸಿದ್ಧ. ಮೆಕ್ಕೆಜೋಳಕ್ಕೆ ಹಾಕುವುದೂ ಯೂರಿಯಾವೇ, ಆದರೆ ಇಲ್ಲಿಗೆ ಲ್ಯಾಬ್ ದರ್ಜೆಯದೇ ಬೇಕು, ದ್ರಾವಣ ಹೊಸದಿರಬೇಕು. ಆರೋಗ್ಯವಂತರ ಹೆಪ್ಪು 24 ಗಂಟೆಯಾದರೂ ಹಾಗೇ ಇರುತ್ತದೆ. ತೀವ್ರ ಕೊರತೆಯಿದ್ದರೆ ಕೆಲವೇ ಗಂಟೆಗಳಲ್ಲಿ, ಕೆಲವೊಮ್ಮೆ ನಿಮಿಷಗಳಲ್ಲಿ ಕರಗುತ್ತದೆ. ಪಕ್ಕದಲ್ಲಿ ಎರಡು ಕೊಳವೆ ಇರಲೇಬೇಕು: ಒಂದು ಆರೋಗ್ಯವಂತರದು, ಇನ್ನೊಂದು ಕ್ಯಾಲ್ಸಿಯಂ ಹಿಡಿದಿಡುವ ಇಡಿಟಿಎ ಬೆರೆಸಿ ಥ್ರಾಂಬಿನ್‌ನಿಂದ ಹೆಪ್ಪುಗಟ್ಟಿಸಿದ್ದು. ಕ್ಯಾಲ್ಸಿಯಂ ಸಿಗದೆ ಫ್ಯಾಕ್ಟರ್ 13 ಚುರುಕಾಗದ ಕಾರಣ ಎರಡನೆಯದು ಕರಗಲೇಬೇಕು. ಕರಗದಿದ್ದರೆ ಆ ದಿನದ ಫಲಿತಾಂಶ ಯಾವುದನ್ನೂ ನಂಬಬಾರದು.

ಈ ವಿಧಾನ ಹಿಡಿಯುವುದು ಸುಮಾರು ಶೇ 5ಕ್ಕಿಂತ ಕಡಿಮೆ ಮಟ್ಟವನ್ನು ಮಾತ್ರ. ತಂದೆತಾಯಿಯರಲ್ಲಿ ಅರ್ಧದಷ್ಟು ಫ್ಯಾಕ್ಟರ್ ಇರುವುದರಿಂದ ಅವರ ಹೆಪ್ಪು ಕರಗುವುದಿಲ್ಲ. ಅವರಿಗೂ, ಸಂಶಯ ಉಳಿದ ಮಗುವಿಗೂ ಮಟ್ಟ ಅಳೆಯುವ ಪರೀಕ್ಷೆಯೇ ಆಗಬೇಕು.

ಕೆಡುವುದು ಹೆಚ್ಚಾಗಿ ರಕ್ತ ತೆಗೆಯುವಲ್ಲೇ. ನೀಲಿ ಮುಚ್ಚಳದ ಕೊಳವೆಯಲ್ಲಿ ಹೆಪ್ಪುಗಟ್ಟದಂತೆ ತಡೆಯುವ 3.2 ಶೇಕಡಾ ಸಿಟ್ರೇಟ್ ಒಂದು ಪಾಲು, ರಕ್ತ ಒಂಬತ್ತು ಪಾಲು. ಮಕ್ಕಳ ಕೊಳವೆಗೆ 1.8 ಮಿ.ಲೀ. ಗುರುತಿನವರೆಗೆ ತುಂಬದಿದ್ದರೆ ಉಳಿದ ಸಿಟ್ರೇಟ್ ಎಪಿಟಿಟಿಯನ್ನು ಸುಳ್ಳೇ ಉದ್ದ ಮಾಡುತ್ತದೆ. ಬೆಂಗಳೂರಿಗೆ ಕಳಿಸುವುದಾದರೆ ಎರಡು ಸಲ ಸೆಂಟ್ರಿಫ್ಯೂಜ್ ಮಾಡಿ ಪ್ಲಾಸ್ಮಾ ಬೇರ್ಪಡಿಸಿ, ಗಡ್ಡೆ ಕಟ್ಟುವಷ್ಟು ಶೀತದಲ್ಲಿಟ್ಟು ಡ್ರೈ ಐಸ್‌ನಲ್ಲಿ ಕಳಿಸಬೇಕು. ಪ್ಲೇಟ್‌ಲೆಟ್ ಒಳಗೂ ಫ್ಯಾಕ್ಟರ್ 13 ಇದೆ. ಅವು ಉಳಿದರೆ ಶೀತದಲ್ಲಿ ಒಡೆದು ಇಲ್ಲದ ಫ್ಯಾಕ್ಟರನ್ನು ಇರುವಂತೆ ತೋರಿಸುತ್ತವೆ.

ಇದಕ್ಕಿಂತ ಮುಖ್ಯ, ಪ್ಲಾಸ್ಮಾ ಅಥವಾ ಕ್ರಯೊ (ಪ್ಲಾಸ್ಮಾದಿಂದ ತೆಗೆದ, ಹೆಪ್ಪುಗಟ್ಟಿಸುವ ಫ್ಯಾಕ್ಟರ್‌ಗಳ ಸಾಂದ್ರ ಅಂಶ) ಕೊಡುವ ಮುಂಚೆಯೇ ಸ್ಯಾಂಪಲ್ ತೆಗೆದಿಡುವುದು. ಈ ಫ್ಯಾಕ್ಟರ್ ಅರ್ಧಕ್ಕಿಳಿಯಲು 9ರಿಂದ 14 ದಿನ ಬೇಕು. ಕೊಟ್ಟ ಮೇಲೆ ತೆಗೆದ ರಕ್ತ ವಾರಗಟ್ಟಲೆ ದಾರಿ ತಪ್ಪಿಸುತ್ತದೆ. ಅದೇ ಕಾರಣಕ್ಕೆ ಚಿಕಿತ್ಸೆಯೂ ಸುಲಭ: ಸುಮಾರು 4 ವಾರಕ್ಕೊಂದು ಡೋಸ್. ಪತ್ತೆಯಾಗದೆ ಉಳಿದರೆ ಮೊದಲ ಹೆದರಿಕೆ ಮಿದುಳಿನ ರಕ್ತಸ್ರಾವದ್ದು.

ದಾವಣಗೆರೆ, ಚಿತ್ರದುರ್ಗದ ಆಸ್ಪತ್ರೆಗಳ ನವಜಾತ ಶಿಶು ವಿಭಾಗಗಳು ಈ ಯೂರಿಯಾ ಪರೀಕ್ಷೆಯನ್ನು ತಮ್ಮ ಲ್ಯಾಬ್ ಪಟ್ಟಿಗೆ ಸೇರಿಸಿಕೊಳ್ಳಲಿ. ಕರ್ನಾಟಕ ಹಿಮೊಫಿಲಿಯಾ ಸೊಸೈಟಿ ದಾವಣಗೆರೆಯಲ್ಲೇ ಇದೆ. ಮಗುವಿನ ವರದಿಗಳನ್ನು ಅಲ್ಲಿಗೆ ಒಯ್ದು ವಿಚಾರಿಸಬಹುದು.

– ಪ್ರಯೋಗಾಲಯ ತಂತ್ರಜ್ಞರು, ದಾವಣಗೆರೆ