ಮಕ್ಕಳ ಹೆಸರಿನಲ್ಲಿ ನಮ್ಮ ಸೀಮೆಯೂ ಇರಲಿ

ಮಾನ್ಯರೇ,

ನನ್ನ ಮೊಮ್ಮಗಳಿಗೆ ಪಂಪಾ ಎಂದು ಹೆಸರಿಟ್ಟೆವು. ತುಂಗಭದ್ರೆಯ ಹಳೆಯ ಹೆಸರದು. ಆನೆಗುಂದಿ ಹತ್ತಿರ ಪಂಪಾ ಸರೋವರವೂ ಇದೆ. ಸೋದರತ್ತೆ ತೊಟ್ಟಿಲಿಗೆ ಬಾಗಿ ಕಿವಿಯಲ್ಲಿ 'ಕುರ್‌ರ್' ಅಂದು ಹೆಸರು ಹೇಳಿದಳು. ಹೆಂಗಸರೆಲ್ಲ ಅವಳ ಬೆನ್ನಿಗೆ ಗುದ್ದಿದರು. ಆಮೇಲೆ, 'ಹಳೇ ಕಾಲದ ಹೆಸರಾಯ್ತು ಅಲ್ವಾ?' ಎಂದರು ಕೆಲವರು.

ಹಳೆಯದಾದರೆ ಏನಾಯ್ತು? ಹುಲಿಗಿಯ ದೇವಿಯಿಂದ ಹುಲಿಗೆಮ್ಮ, ಹಂಪಿಯಿಂದ ಹಂಪಮ್ಮ, ಕನಕಗಿರಿಯಿಂದ ಕನಕಪ್ಪ, ಕೊಪ್ಪಳದ ಗವಿಮಠದಿಂದ ಗವಿಸಿದ್ದಪ್ಪ. ಶಾಲೆಯಲ್ಲಿ ಹಾಜರಿ ಕೂಗಿದರೆ ಸಾಕು, ಯಾವ ಸೀಮೆಯ ಮಕ್ಕಳು ಅಂತ ಗೊತ್ತಾಗುತ್ತಿತ್ತು. ಈಗ ಮೊಬೈಲ್ ನೋಡಿ ಎಲ್ಲರೂ ಒಂದೇ ಥರದ ಹೆಸರು ಇಡುತ್ತಿದ್ದಾರೆ. ನನಗಂತೂ ಬೇಸರ.

ಜನನ ಪ್ರಮಾಣಪತ್ರದಲ್ಲಿ ಹೆಸರು ಸೇರಿಸಲು ಒಂದು ವರ್ಷದವರೆಗೆ ಶುಲ್ಕವಿಲ್ಲ. ಅವಸರ ಬೇಡ, ಮನೆಯ ಹಿರಿಯರನ್ನೂ ಒಮ್ಮೆ ಕೇಳಿ.

– ಒಬ್ಬ ಅಜ್ಜಿ, ಗಂಗಾವತಿ